ಓದುಗರ ಪ್ರಶ್ನೆ, ನಮ್ಮ ಉತ್ತರ: ಹಳೆಯ ಸ್ಪೋರ್ಟ್ಸ್ ಕಾರಿನ ಬಾಗಿಲು

ಪ್ರಶ್ನೆ: ನನ್ನದು 1967ರ ಎಂಜಿಬಿ, ಮಡಚುವ ಟಾಪ್‌ನದು. ಎರಡೂ ಬದಿಯ ಸಿಲ್ (ಬಾಗಿಲ ಕೆಳಗಿನ ಉದ್ದ ತೊಲೆ) ಹೊಸದಾಗಿ ಹಾಕಿಸಿದ ಮೇಲೆ ಬಲಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲ. ಹಿಂದಿನ ಅಂಚಿನ ಸಂದು ಮೇಲೆ 1 ಮಿ.ಮೀ. ಇದೆ, ಕೆಳಗೆ 8 ಮಿ.ಮೀ. ಬಾಗಿಲಿನ ಅಂಚನ್ನು ಉಜ್ಜಿ ಪುಟ್ಟಿ ಹಾಕಿದರೆ ಸಾಕು ಎನ್ನುತ್ತಿದ್ದಾರೆ. ಸಾಕಾಗುತ್ತದೆಯೇ?

ಉತ್ತರ: ಗ್ರೈಂಡರನ್ನು ದಯವಿಟ್ಟು ಬಾಗಿಲಿಗೆ ಮುಟ್ಟಿಸಬೇಡಿ. ತಪ್ಪು ಬಾಗಿಲಿನದಲ್ಲದೆ ಇರಬಹುದು. ಅಂಚಿನ ಮಡಿಕೆ ಒಮ್ಮೆ ಸವೆದರೆ ಹೊರತಗಡು ಚೌಕಟ್ಟಿನಿಂದ ಬಿಡಲು ಶುರುವಾಗುತ್ತದೆ.

ಮೇಲೆ ಕಿರಿದು, ಕೆಳಗೆ ಅಗಲ ಎಂಬ ಲಕ್ಷಣಕ್ಕೆ ಎರಡು ಕಾರಣಗಳಿವೆ. ಒಂದು, ಬಾಗಿಲೇ ಹಿಂದಕ್ಕೆ ಜೋತುಬಿದ್ದಿರುವುದು. ಇನ್ನೊಂದು, ಕಾರಿನ ನಡು ಕುಸಿದು ಬಾಗಿಲಿನ ಮುಂದಿನ ಮತ್ತು ಹಿಂದಿನ ಕಂಬಗಳ ತಲೆ ಒಂದಕ್ಕೊಂದು ಹತ್ತಿರ ಬಂದಿರುವುದು. ಯಾವುದೆಂದು ತಿಳಿಯಲು ಬಾಗಿಲನ್ನು ಅರ್ಧ ತೆರೆದು ಹಿಂದಿನ ತುದಿಯನ್ನು ಕೈಯಿಂದ ಎತ್ತಿ ನೋಡಿ. ಹಿಂಜ್‌ನಲ್ಲಿ ಕಟಕಟ ಅಲುಗಾಟ ಇದ್ದರೆ ಪಿನ್ ಸವೆದಿದೆ. ಮೊದಲು ಅದನ್ನು ಬದಲಿಸಿ. ಸವೆದ ಪಿನ್ನಿನ ಮೇಲೆ ಮಾಡಿದ ಹೊಂದಾಣಿಕೆ ನಿಲ್ಲುವುದಿಲ್ಲ.

ಪಿನ್ ಗಟ್ಟಿಯಾಗಿದ್ದರೆ ಕೆಳಗಿನ ಹಿಂಜ್ ಮತ್ತು ಕಂಬದ ನಡುವೆ ತೆಳು ಶಿಮ್ (ತಗಡಿನ ತುಂಡು) ಇಡಿ. ಕೆಳಗಿನ ಹಿಂಜ್ ಹಿಂದಕ್ಕೆ ಸರಿದಷ್ಟೂ ಬಾಗಿಲಿನ ಹಿಂದಿನ ತುದಿ ಮೇಲೇಳುತ್ತದೆ. ಲೆಕ್ಕ ಸುಲಭ: ಎರಡು ಹಿಂಜ್‌ಗಳ ನಡುವಿನ ಅಂತರ 300 ಮಿ.ಮೀ., ಹಿಂಜ್‌ನಿಂದ ಹಿಂದಿನ ಅಂಚಿಗೆ 900 ಮಿ.ಮೀ. ಇದ್ದರೆ 1 ಮಿ.ಮೀ. ಶಿಮ್‌ಗೆ ಹಿಂದಿನ ತುದಿ 3 ಮಿ.ಮೀ. ಏಳುತ್ತದೆ. ಆದ್ದರಿಂದ ಅರ್ಧ ಮಿಲಿಮೀಟರ್‌ನಿಂದಲೇ ಶುರುಮಾಡಿ. ಬಾಗಿಲಿನ ಉದ್ದಗೆರೆ ಹಿಂದಿನ ಮಡ್‌ಗಾರ್ಡಿನ ಗೆರೆಗೆ ಸೇರುವವರೆಗೆ ಎತ್ತಿ. ಗೆರೆ ಸೇರಿದಾಗ ಸಂದೂ ಸಮವಾದರೆ ಕೆಲಸ ಮುಗಿಯಿತು. ಗೆರೆ ಸೇರಿದ ಮೇಲೂ ಸಂದು ಮೇಲೆ ಕಿರಿದಾಗಿಯೇ ಉಳಿದರೆ ಬಾಗಿರುವುದು ಕಾರಿನ ದೇಹ.

ನಿಮ್ಮ ಪತ್ರ ಓದಿದರೆ ಎರಡನೆಯದೇ ಹೆಚ್ಚು ಸಂಭವ. ಎಂಜಿಬಿಗೆ ಬೇರೆ ಷಾಸಿ (ದೇಹವನ್ನು ಹೊರುವ ಅಡಿಚೌಕಟ್ಟು) ಇಲ್ಲ. ಮೇಲೆ ಛಾವಣಿಯೂ ಇಲ್ಲದ ಕಾರಿನಲ್ಲಿ ಮುಂಭಾಗ ಹಿಂಭಾಗಗಳನ್ನು ಹಿಡಿದಿಡುವ ಭಾರವೆಲ್ಲ ಸಿಲ್‌ಗಳ ಮೇಲೆ. ಸಿಲ್ ಎಂದರೆ ಹೊರಗೆ ಕಾಣುವ ಒಂದು ತಗಡು ಮಾತ್ರವಲ್ಲ. ಹೊರಸಿಲ್, ಒಳಸಿಲ್, ಅವೆರಡರ ನಡುವೆ ನಿಂತ ಪದರ, ಬುಡದಲ್ಲಿ ಕ್ಯಾಸಲ್ ರೈಲ್ ಎಂಬ ಪಟ್ಟಿ, ಎಲ್ಲ ಸೇರಿ ಒಂದು ಪೆಟ್ಟಿಗೆ. ಆಸರೆ ಕೊಡದೆ ಹಳೆಯದನ್ನು ಕತ್ತರಿಸಿದ ಕ್ಷಣ ನಡು ಇಳಿಯುತ್ತದೆ, ಹೊಸ ಸಿಲ್ಲನ್ನು ಆ ಇಳಿದ ಆಕಾರದಲ್ಲೇ ಬೆಸೆದುಬಿಡುತ್ತಾರೆ. ಎರಡೂ ಬದಿಯ ಬಾಗಿಲಗಂಡಿಯನ್ನು ಕಂಬದ ತಲೆಯಿಂದ ತಲೆಗೆ, ಆಮೇಲೆ ಓರೆಯಾಗಿ ಮೂಲೆಯಿಂದ ಮೂಲೆಗೆ ಅಳೆದು ಹೋಲಿಸಿ.

ದೇಹ ಬಾಗಿದ್ದು ಖಚಿತವಾದರೆ ಆ ಬದಿಯ ಸಿಲ್ ಬೆಸುಗೆಯನ್ನು ಮತ್ತೆ ಬಿಚ್ಚಲೇಬೇಕು. ಬೇಸರದ ಕೆಲಸ, ಆದರೆ ಬೇರೆ ದಾರಿಯಿಲ್ಲ. ಬಿಚ್ಚುವ ಮೊದಲು ಮುಂದಿನ ಕಂಬಕ್ಕೂ ಹಿಂದಿನ ಕಂಬಕ್ಕೂ ನಡುವೆ 25 ಮಿ.ಮೀ. ಚೌಕ ಪೈಪಿನ ಆಸರೆ ಬೆಸೆಯಿರಿ. ಅದರಲ್ಲಿ ತಿರುಗಿಸಿದರೆ ಉದ್ದವಾಗುವ ಒಂದು ಥ್ರೆಡ್ ರಾಡ್ ಇರಲಿ. ಎಡ ಬಲ ಕಂಬಗಳ ನಡುವೆಯೂ ಒಂದು ಅಡ್ಡಪೈಪು ಬೇಕು. ಆಸರೆಯನ್ನು ಕಾರಿನ ಒಳಬದಿಗೆ ಇಟ್ಟರೆ ಬಾಗಿಲು ಹಾಕಿ ತೆಗೆದು ನೋಡಲು ಅಡ್ಡಿಯಾಗದು. ಕಾರು ಆಕ್ಸಲ್‌ಗಳ ಮೇಲೆ ನಿಂತಿರಲಿ. ನಡುವೆ ಜಾಕ್ ಕೊಟ್ಟರೆ ಅಳತೆ ಸುಳ್ಳು ಹೇಳುತ್ತದೆ. ರಾಡ್ ತಿರುಗಿಸಿ ಸಂದನ್ನು ಬೇಕಾದ್ದಕ್ಕಿಂತ 1 ಮಿ.ಮೀ. ಹೆಚ್ಚೇ ತೆರೆಯಿರಿ, ಬಿಟ್ಟಾಗ ಸ್ವಲ್ಪ ಹಿಂದಕ್ಕೆ ಬರುತ್ತದೆ. ಬಾಗಿಲು ತೂಗುಹಾಕಿಕೊಂಡೇ ಸಿಲ್ಲನ್ನು 100 ಮಿ.ಮೀ.ಗೊಂದು ಟ್ಯಾಕ್ (ತಾತ್ಕಾಲಿಕ ಚುಕ್ಕೆ ಬೆಸುಗೆ) ಹಾಕಿ ಹಿಡಿಸಿ. ಸಂದು ನೋಡಿ, ಆಮೇಲೆ ತೂತು ತುಂಬುವ ಬೆಸುಗೆಯನ್ನು ಒಂದು ತುದಿಯಲ್ಲಿ ಒಂದು, ಇನ್ನೊಂದು ತುದಿಯಲ್ಲಿ ಒಂದು ಎಂದು ಬಿಟ್ಟುಬಿಟ್ಟು ಹಾಕಿ. ಒಂದೇ ಕಡೆ ಸಾಲಾಗಿ ಬೆಸೆದರೆ ಶಾಖಕ್ಕೆ ತಗಡು ಎಳೆದುಕೊಂಡು ಸಂದು ಮತ್ತೆ ಮುಚ್ಚುತ್ತದೆ. ಒಂದು ಬದಿ ಪೂರ್ತಿ ಮುಗಿಯದೆ ಇನ್ನೊಂದು ಬದಿ ಮುಟ್ಟಬಾರದು.

ಪ್ರಶ್ನೆ: ಬಾಗಿಲಿನ ಹೊರತಗಡಿನ ಕೆಳಭಾಗ ತುಕ್ಕು ತಿಂದಿದೆ. ಹೊಸ ಹೊರತಗಡು ಸಿಕ್ಕಿದೆ. ಮಡಚಿ ಕೂರಿಸುವ ಕ್ರಮ ತಿಳಿಸಿ.

ಉತ್ತರ: ಈ ಕೆಲಸದಲ್ಲಿ ಕೆಡುವುದು ಹೆಚ್ಚಾಗಿ ಸುತ್ತಿಗೆಯಿಂದಲ್ಲ, ಅವಸರದಿಂದ. ಹೊರತಗಡು ಮಡಚುವವರೆಗೆ ಬಾಗಿಲಿನ ಚೌಕಟ್ಟು ಕೈಯಲ್ಲಿ ತಿರುಚಿದರೂ ತಿರುಚಿಕೊಳ್ಳುವಷ್ಟು ಸಡಿಲ. ಮಡಚಿದ ಮೇಲೆ ಅದೇ ಆಕಾರಕ್ಕೆ ಬಿಗಿದುಕೊಳ್ಳುತ್ತದೆ. ಹಾಗಾಗಿ ಆಕಾರ ಸರಿಪಡಿಸಬೇಕಾದದ್ದು ಮಡಚುವ ಮುನ್ನ, ಬಾಗಿಲು ಕಾರಿನ ಮೇಲಿರುವಾಗ.

ಹಳೆಯದನ್ನು ತೆಗೆಯಲು ಅಂಚನ್ನು 60 ಗ್ರಿಟ್ ಫ್ಲ್ಯಾಪ್ ಡಿಸ್ಕಿನಿಂದ ಉಜ್ಜಿ. ಉಜ್ಜಬೇಕಾದದ್ದು ಮಡಿಕೆಯ ಹೊರ ಏಣನ್ನು ಮಾತ್ರ. ತಗಡು ಕಾಗದದಷ್ಟು ತೆಳುವಾಗಿ ಎರಡು ಪದರ ಬೇರೆಯಾದ ಗೆರೆ ಕಂಡ ಕೂಡಲೇ ನಿಲ್ಲಿಸಿ, ಇಲ್ಲವಾದರೆ ಚೌಕಟ್ಟಿನ ಅಂಚೇ ಹೋಗುತ್ತದೆ. ಮೇಲಂಚಿನ ಸ್ಪಾಟ್ ವೆಲ್ಡ್‌ಗಳನ್ನು ಡ್ರಿಲ್ ಮಾಡಿ ಬಿಡಿಸಿ. ಹಳೆಯ ತಗಡನ್ನು ಎಸೆಯಬೇಡಿ. ಹಿಡಿಕೆ, ಬೀಗ, ಪಟ್ಟಿಗಳ ತೂತಿನ ಜಾಗ ಗುರುತಿಸಲು ಅದೇ ನಿಮ್ಮ ನಕ್ಷೆ.

ಚೌಕಟ್ಟಿನ ಕೆಳಗಾಲುವೆಯಲ್ಲಿ ತುಕ್ಕು ಇದ್ದೇ ಇರುತ್ತದೆ. ಕೊಳೆತದ್ದನ್ನು ಕತ್ತರಿಸಿ 1 ಮಿ.ಮೀ. ಉಕ್ಕಿನ ತಗಡು ಬೆಸೆಯಿರಿ. ನೀರು ಹೋಗುವ ತೂತುಗಳನ್ನು ಹಳೆಯ ಜಾಗದಲ್ಲೇ ಮತ್ತೆ ಕೊರೆಯುವುದನ್ನು ಮರೆಯಬೇಡಿ. ಮರಳು ಹೊಡೆಸುವುದಾದರೆ ಒತ್ತಡ ಕಡಿಮೆ ಇರಲಿ, ಚಪ್ಪಟೆ ಭಾಗಗಳು ಮರಳಿನ ಹೊಡೆತಕ್ಕೆ ಉಬ್ಬುತ್ತವೆ. ಒಳಗೆಲ್ಲ ಎಪಾಕ್ಸಿ ಪ್ರೈಮರ್, ಬೆಸುಗೆ ಬೀಳುವಲ್ಲಿ ಸತುವಿನ ಪ್ರೈಮರ್.

ಈಗ ಹೊಸ ತಗಡನ್ನು ಚೌಕಟ್ಟಿನ ಮೇಲೆ ಕೂರಿಸಿ ಏಳೆಂಟು ಗ್ರಿಪ್ ಪ್ಲೈಯರ್‌ಗಳಲ್ಲಿ ಕಚ್ಚಿಸಿ. ಬಾಗಿಲನ್ನು ಕಾರಿಗೆ ತೂಗುಹಾಕಿ. ಸಂದು ಸುತ್ತಲೂ ಎಷ್ಟಿದೆ, ಹೊರಮೈ ಹಿಂದಿನ ಮಡ್‌ಗಾರ್ಡಿಗೆ ಸಮನಾಗಿದೆಯೇ ನೋಡಿ. ಚೌಕಟ್ಟು ತಿರುಚಿದ್ದರೆ ಈಗಲೇ ತಿರುವಿ ಸರಿಮಾಡಿ, ತಗಡು ಒಂದೆರಡು ಮಿಲಿಮೀಟರ್ ಸರಿಯಬೇಕಾದರೆ ಈಗಲೇ ಸರಿಸಿ. ಒಪ್ಪಿಗೆಯಾದ ಮೇಲೆ ಎರಡು ಮೂರು ಕಡೆ ತಗಡಿಗೂ ಚೌಕಟ್ಟಿಗೂ ಅಡ್ಡಲಾಗಿ ಗುರುತು ಗೀರಿ, ಬಿಚ್ಚಿ.

ಮಡಚುವಾಗ ಮೇಜಿನ ಮೇಲೆ ದಪ್ಪ ಕಂಬಳಿ ಹಾಸಿ ತಗಡನ್ನು ಮುಖ ಕೆಳಗಾಗಿ ಇಡಿ. ಅಂಚಿನ ಸುತ್ತ ತೆಳುವಾಗಿ ಪ್ಯಾನೆಲ್ ಅಂಟು ಹಾಕಿ, ಗುರುತಿಗೆ ಗುರುತು ಸೇರಿಸಿ ಚೌಕಟ್ಟು ಕೂರಿಸಿ. ಭಾರದ ಡಾಲಿಗೆ (ಏಟಿಗೆ ಆಸರೆಯಾಗಿ ಹಿಡಿಯುವ ಉಕ್ಕಿನ ಗಟ್ಟಿಗೆ) ಮಾಸ್ಕಿಂಗ್ ಟೇಪ್ ಸುತ್ತಿ ಹೊರಮೈಗೆ ಒತ್ತಿ ಹಿಡಿದು, ನಿಂತಿರುವ ಅಂಚನ್ನು ಸುತ್ತಿಗೆಯಿಂದ ಬಾಗಿಸಿ. ಒಂದೇ ಸಲಕ್ಕೆ ಮಲಗಿಸಬೇಡಿ. ಮೊದಲ ಸುತ್ತಿನಲ್ಲಿ ಲಂಬದಿಂದ (90 ಡಿಗ್ರಿ) ಸುಮಾರು 60 ಡಿಗ್ರಿಗೆ, ಎರಡನೆಯದರಲ್ಲಿ 30ಕ್ಕೆ, ಮೂರನೆಯದರಲ್ಲಿ ಪೂರ್ತಿ. ಒಂದೊಂದು ಏಟಿಗೂ 50 ಮಿ.ಮೀ. ಮುಂದೆ ಸಾಗಿ, ಪ್ರತಿ ಬದಿಯ ನಡುವಿನಿಂದ ಮೂಲೆಗಳ ಕಡೆಗೆ. ಡಾಲಿ ಪುಟಿದರೆ ಹೊರಮೈಯಲ್ಲಿ ಅಂಚಿನುದ್ದಕ್ಕೂ ಉಬ್ಬುಗೆರೆ ಮೂಡುತ್ತದೆ. ಬಣ್ಣ ಹೊಡೆದ ಮೇಲೆ ಅದು ಎದ್ದು ಕಾಣುತ್ತದೆ. ದುಂಡು ಮೂಲೆಯಲ್ಲಿ ತಗಡು ಹೆಚ್ಚಾಗಿ ಸುಕ್ಕು ಬಂದರೆ ಸಣ್ಣ ತ್ರಿಕೋನ ಕತ್ತರಿಸಿ ತೆಗೆಯಿರಿ.

ಎರಡನೆಯ ಸುತ್ತು ಮುಗಿದಾಗ ಬಾಗಿಲನ್ನು ಇನ್ನೊಮ್ಮೆ ಕಾರಿಗೆ ಹಾಕಿ ನೋಡಿ. ತಿದ್ದಲು ಅದೇ ಕೊನೆಯ ಅವಕಾಶ. ಅಂಟು ಎಷ್ಟು ಹೊತ್ತು ಹಸಿಯಾಗಿರುತ್ತದೆ ಎಂದು ಡಬ್ಬಿಯ ಮೇಲೆ ಓದಿಕೊಂಡೇ ಶುರುಮಾಡಿ. ಮೂಲೆಗಳಲ್ಲಿ ಟ್ಯಾಕ್ ಹಾಕುವುದಾದರೆ ಆ ಜಾಗಕ್ಕೆ ಅಂಟು ಬೇಡ, ಸುಟ್ಟುಹೋಗುತ್ತದೆ.

ಹೊರತಗಡು ಅಲ್ಯುಮಿನಿಯಂನದಾಗಿದ್ದರೆ ಎರಡು ಎಚ್ಚರಿಕೆ. ಉಕ್ಕಿನ ಚೌಕಟ್ಟು ಅಲ್ಯುಮಿನಿಯಂಗೆ ನೇರ ತಾಗಿ ನೀರೂ ಸೇರಿದರೆ ಅಲ್ಯುಮಿನಿಯಂ ಬಿಳಿ ಪುಡಿಯಾಗಿ ಸವೆಯುತ್ತದೆ. ನಡುವೆ ಎಪಾಕ್ಸಿ ಪದರ, ಸೀಲರ್ ಪೂರ್ತಿ ಇರಲೇಬೇಕು. ಗಟ್ಟಿಯಾದ ಅಲ್ಯುಮಿನಿಯಂ ಅಂಚು ಮಡಚುವಾಗ ಬಿರಿಯುತ್ತದೆ. ಅಂಚಿಗೆ ಸೋಪು ಉಜ್ಜಿ, ಸೋಪು ಕಪ್ಪಾಗುವವರೆಗೆ ಮಾತ್ರ ಮೆಲ್ಲಗೆ ಕಾಯಿಸಿ ತಣಿಸಿದರೆ ಮೆತ್ತಗಾಗುತ್ತದೆ.

ಪ್ರಶ್ನೆ: ಹೊಸ ರಬ್ಬರ್ ಬೀಡಿಂಗ್ ಹಾಕಿದ ಮೇಲೆ ಬಾಗಿಲಿನ ಹಿಂದಿನ ಕೆಳಮೂಲೆ 5 ಮಿ.ಮೀ. ಹೊರಗೆ ನಿಂತಿದೆ. ಏನು ಮಾಡಲಿ?

ಉತ್ತರ: ಬೀಡಿಂಗನ್ನು ಆ ಮೂಲೆಯಲ್ಲಿ ಬಿಚ್ಚಿ ಬಾಗಿಲು ಮುಚ್ಚಿ. ಮೂಲೆ ಒಳಗೆ ಹೋದರೆ ರಬ್ಬರೇ ದಪ್ಪ ಅಥವಾ ಗಟ್ಟಿ. ಮೆತ್ತಗಿನದು ಹುಡುಕಿ, ಬಾಗಿಲನ್ನು ಬಡಿಯಬೇಡಿ.

ಬೀಡಿಂಗ್ ಇಲ್ಲದೆಯೂ ಹೊರಗಿದ್ದರೆ ಮೇಲಿನ ಹಿಂಜ್ ಅನ್ನು ಹೊರಕ್ಕೆ ಸರಿಸಿ. ಬಾಗಿಲನ್ನು ಹಿಡಿದಿರುವುದು ಮೂರು ಜಾಗ: ಎರಡು ಹಿಂಜ್, ಒಂದು ಬೀಗ. ಮೇಲಿನ ಹಿಂಜ್ ಹೊರಗೆ ಬಂದರೆ ಕರ್ಣದ ಆಚೆ ತುದಿಯ ಕೆಳಮೂಲೆ ಒಳಗೆ ಹೋಗುತ್ತದೆ. ಮುಂದಿನ ಮೇಲಂಚು ಎಷ್ಟು ಹೊರಬರಬಹುದು ಎಂಬುದೇ ಇದಕ್ಕೆ ಮಿತಿ. ಅದು ಸಾಲದಿದ್ದರೆ ಬೀಗದ ಎತ್ತರದಲ್ಲಿ, ಬಾಗಿಲಿಗೂ ಕಂಬಕ್ಕೂ ನಡುವೆ ಬಟ್ಟೆ ಸುತ್ತಿದ ಮರದ ತುಂಡು ಇಟ್ಟು ಕೆಳಮೂಲೆಯನ್ನು ಅಂಗೈಯಿಂದ ಮೆಲ್ಲಗೆ ಒತ್ತಿ. ಒತ್ತಿ ಬಿಡಿ, ಅಳೆಯಿರಿ, ಮತ್ತೆ ಒತ್ತಿ.

ಪ್ರಶ್ನೆ: ಮುಂದಿನ ಸಣ್ಣ ತ್ರಿಕೋನ ಗಾಜಿನ ಬುಡದಲ್ಲಿ ಬಾಗಿಲ ತಗಡು ಸೀಳುತ್ತದೆ. ಎರಡು ಸಲ ಬೆಸೆದರೂ ಮತ್ತೆ ಅದೇ. ಕಾರು ಎಂಜಿಬಿ.

ಉತ್ತರ: ಎಂಜಿಬಿಗೆ ಇದು ಹೆಸರಾಂತ ಕಾಯಿಲೆ. ಗಾಜಿನ ಚೌಕಟ್ಟು ಅಲುಗಾಡಿದಾಗಲೆಲ್ಲ ಮತ್ತು ಬಾಗಿಲು ಹೊಡೆದು ಮುಚ್ಚಿದಾಗಲೆಲ್ಲ ಆ ಒಂದು ಮೂಲೆ ತಗಡು ಬಗ್ಗುತ್ತದೆ. ಬರೀ ಸೀಳು ಬೆಸೆದರೆ ಪಕ್ಕದಲ್ಲೇ ಹೊಸ ಸೀಳು ಹುಟ್ಟುತ್ತದೆ. ಸೀಳಿನ ತುದಿಗೆ 3 ಮಿ.ಮೀ. ತೂತು ಕೊರೆಯಿರಿ, ಅದು ಮುಂದುವರಿಯುವುದು ನಿಲ್ಲುತ್ತದೆ. 0.6 ಮಿ.ಮೀ. ತಂತಿಯ ಮಿಗ್ ವೆಲ್ಡರ್‌ನಲ್ಲಿ ಚುಕ್ಕೆ ಚುಕ್ಕೆಯಾಗಿ, ಪ್ರತಿ ಚುಕ್ಕೆಯೂ ತಣ್ಣಗಾಗಲು ಬಿಟ್ಟು ಬೆಸೆಯಿರಿ. ಒಳಗಿನಿಂದ 1 ಮಿ.ಮೀ. ತಗಡಿನ ಪಟ್ಟಿಯನ್ನು ಸೀಳಿಗಿಂತ ಎಲ್ಲ ಕಡೆ 20 ಮಿ.ಮೀ. ಹೆಚ್ಚು ಅಗಲವಾಗಿ ಕೂರಿಸಿ. ಕೊನೆಗೆ ಗಾಜಿನ ಚೌಕಟ್ಟಿನ ಬೋಲ್ಟ್‌ಗಳು ಎಲ್ಲವೂ ಇವೆಯೇ, ಬಿಗಿಯಾಗಿವೆಯೇ ನೋಡಿ. ಒಂದು ಸಡಿಲವಾಗಿದ್ದರೂ ಮೂರನೆಯ ಸಲವೂ ಸೀಳುತ್ತದೆ.

ಪ್ರಶ್ನೆ: ಟ್ರಯಂಫ್ ಟಿಆರ್6ಗೆ ಇದೇ ಕ್ರಮವೇ? ಬಣ್ಣಕ್ಕೆ ಕಳಿಸುವ ಮೊದಲು ಏನೇನು ಮುಗಿಸಬೇಕು?

ಉತ್ತರ: ಟಿಆರ್6ರ ದೇಹ ಬೇರೆ ಷಾಸಿಯ ಮೇಲೆ ಬೋಲ್ಟ್‌ಗಳಲ್ಲಿ ಕೂತಿದೆ. ಅಲ್ಲಿ ಹಿಂಜ್ ಮುಟ್ಟುವ ಮೊದಲು ದೇಹಕ್ಕೂ ಷಾಸಿಗೂ ನಡುವಿನ ಪ್ಯಾಕಿಂಗ್ ನೋಡಬೇಕು. ಸಂದು ಮೇಲೆ ಕಿರಿದಾಗಿದ್ದರೆ ನಡುಭಾಗದ ಮೌಂಟ್‌ಗಳಿಗೆ ಪ್ಯಾಕಿಂಗ್ ಹೆಚ್ಚಿಸಿ. ನಡು ಏರಿದಾಗ ಕಂಬಗಳ ತಲೆ ಅಗಲುತ್ತದೆ. ಮೇಲೆ ಅಗಲವಾಗಿದ್ದರೆ ನಡುವಿನದನ್ನು ತೆಗೆಯಿರಿ. ಎಂಜಿನ್, ಗೇರ್‌ಬಾಕ್ಸ್ ಇಲ್ಲದ ಖಾಲಿ ಷಾಸಿಯ ಮೇಲೆ ಮಾಡಿದ ಹೊಂದಾಣಿಕೆಯನ್ನು ಭಾರ ಕೂತ ಮೇಲೆ ಇನ್ನೊಮ್ಮೆ ನೋಡಲೇಬೇಕು.

ಬಣ್ಣಕ್ಕೆ ಮುನ್ನ ಎಲ್ಲವನ್ನೂ ಒಮ್ಮೆ ಜೋಡಿಸಿ: ಬೀಗ, ಗಾಜು, ಗಾಜಿನ ಕಾಲುವೆ, ಬೀಡಿಂಗ್. ಬಾಗಿಲನ್ನು ಹೊಂದಿಸುವಾಗ ಕಂಬದ ಮೇಲಿನ ಬೀಗದ ಕೊಂಡಿ ಬಿಚ್ಚಿರಲಿ, ಇಲ್ಲವಾದರೆ ಅದು ಬಾಗಿಲನ್ನು ಎತ್ತಿಹಿಡಿದು ತಪ್ಪನ್ನು ಮುಚ್ಚಿಡುತ್ತದೆ. ಮೊದಲು ಬಾಗಿಲು ಹಿಂದಿನ ಮಡ್‌ಗಾರ್ಡಿಗೂ ಸಿಲ್‌ಗೂ ಹೊಂದಬೇಕು, ಬೋಲ್ಟ್‌ನಲ್ಲಿ ಕೂರುವ ಮುಂದಿನ ಮಡ್‌ಗಾರ್ಡ್ ಕೊನೆಗೆ ಬಾಗಿಲಿಗೆ ಹೊಂದಬೇಕು. 4 ಮಿ.ಮೀ. ಸಂದು ಬೇಕೆಂದರೆ ಬರಿಯ ತಗಡಿನಲ್ಲಿ 4.5 ಬಿಡಿ, ಪ್ರೈಮರ್, ಬಣ್ಣ ಎರಡೂ ಅಂಚಿಗೆ ಸೇರಿ ಉಳಿದದ್ದನ್ನು ತಿನ್ನುತ್ತದೆ.

ಹೊಂದಿದ ಮೇಲೆ ಬೋಲ್ಟ್ ಬಿಚ್ಚುವ ಮುನ್ನ ಪ್ರತಿ ಹಿಂಜ್ ಮತ್ತು ಕಂಬವನ್ನು ಒಟ್ಟಿಗೆ ತೂರುವ ಹಾಗೆ ಎರಡು 3 ಮಿ.ಮೀ. ತೂತು ಕೊರೆಯಿರಿ. ಬಾಗಿಲ ಬದಿಗೂ ಹಾಗೆಯೇ. ಬಣ್ಣದ ನಂತರ ಆ ತೂತುಗಳಿಗೆ 3 ಮಿ.ಮೀ. ಡ್ರಿಲ್ ಬಿಟ್ ತೂರಿಸಿ ಬೋಲ್ಟ್ ಬಿಗಿದರೆ ಬಾಗಿಲು ಮೊದಲಿದ್ದ ಜಾಗಕ್ಕೇ ಬರುತ್ತದೆ, ಹೊಸ ಬಣ್ಣ ಗೀರುವುದಿಲ್ಲ. ಬಿಗಿಯುವಾಗ ಬಾಗಿಲು ಹಿಡಿಯಲು ಇನ್ನೊಬ್ಬರು ಇರಲಿ.

ಬಣ್ಣ ಪೂರ್ತಿ ಒಣಗಿದ ಮೇಲೆ ಬಾಗಿಲ ಒಳಗೆ, ವಿಶೇಷವಾಗಿ ಕೆಳಮಡಿಕೆಗೆ, ಉದ್ದ ನಳಿಗೆಯಿಂದ ಮೇಣ ಸಿಂಪಡಿಸಿ. ಗಾಜಿನ ಪಕ್ಕದಿಂದ ಮಳೆನೀರು ಒಳಗಿಳಿಯುವುದು ಸಹಜ, ಅದು ಹೊರಹೋಗುವ ದಾರಿ ತೆರೆದಿರಬೇಕಷ್ಟೆ. ಮೇಣ ಗಟ್ಟಿಯಾದ ನಂತರ ಕೆಳಗಿನ ತೂತುಗಳಿಗೆ ಒಂದೊಂದಾಗಿ ತಂತಿ ಆಡಿಸಿ. ಒಳಹಲಗೆ ಹಾಕುವ ಮೊದಲು ಅದರ ಹಿಂದೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಹಾಳೆಯ ಕೆಳ ಅಂಚು ಬಾಗಿಲಿನ ಒಳಕ್ಕೇ ಇಳಿದಿರಲಿ.