ಹಳೇ ಹಾರ್ಡ್ ಡಿಸ್ಕ್ ತೆಗೆದ್ರೆ ಹೊಸ ಎಸ್‌ಎಸ್‌ಡಿಯಿಂದ ಕಂಪ್ಯೂಟರ್ ಬೂಟ್ ಆಗ್ತಿಲ್ಲ. ಎಸ್‌ಎಸ್‌ಡಿ ಕೆಟ್ಟಿದ್ಯಾ? ವಾಪಸ್ ಕೊಡ್ಲಾ ಅಥವಾ ಹಳೇದನ್ನೂ ಹಾಗೇ ಬಿಡ್ಲಾ?

ಎರಡೂ ಬೇಡ. ಎರಡು ಡಿಸ್ಕ್ ಇದ್ದಾಗ ವಿಂಡೋಸ್ ಚೆನ್ನಾಗಿ ಓಡುತ್ತೆ, ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಬರುವ ಸೆಟ್ಟಿಂಗ್ ಪರದೆ) ಎಸ್‌ಎಸ್‌ಡಿ ಹೆಸರೂ ಕಾಣುತ್ತೆ, ಹಳೇದರ ಕೇಬಲ್ ಕಿತ್ತರೆ ಮಾತ್ರ ಬೂಟ್ ಡಿವೈಸ್ ಇಲ್ಲ ಅನ್ನುತ್ತೆ ಅಂತ ನೀವೇ ಬರೆದಿದ್ದೀರಿ. ಇದೇ ಲಕ್ಷಣ ನೋಡಿ ನಾನು ಒಂದು ಒಳ್ಳೇ ಎಸ್‌ಎಸ್‌ಡಿಯನ್ನು ವಾಪಸ್ ಕಳಿಸಿದವನು.

ಹೊಸ ಎಸ್‌ಎಸ್‌ಡಿ ಕೂರಿಸಿ, ಹಳೇ ಡಿಸ್ಕನ್ನೂ ಹಾಗೇ ಬಿಟ್ಟು, ಪೆನ್‌ಡ್ರೈವಿನಿಂದ ವಿಂಡೋಸ್ 10 ಹಾಕಿದ್ದೆ. ಫೋಟೋಗಳೆಲ್ಲ ಹಳೇದರಲ್ಲಿದ್ದವು, ನಿಧಾನಕ್ಕೆ ಕಾಪಿ ಮಾಡಿಕೊಳ್ಳೋಣ ಅಂತ. ತಿಂಗಳುಗಟ್ಟಲೆ ಯಾವ ತಕರಾರೂ ಇರಲಿಲ್ಲ. ಆಮೇಲೆ ಹಳೇದನ್ನು ಖಾಲಿ ಮಾಡಲು ವಿಂಡೋಸಿನದೇ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದೆ. ದೊಡ್ಡ ಪಾರ್ಟಿಷನ್ (ಡಿಸ್ಕನ್ನು ಹಂಚಿದ ಭಾಗ) ಡಿಲೀಟ್ ಆಯಿತು, ಎಡಗಡೆ 100 ಎಂಬಿಯ ಪುಟ್ಟದೊಂದು ಉಳಿದುಕೊಂಡಿತು. ರೈಟ್ ಕ್ಲಿಕ್ ಮಾಡಿದರೆ ಮೆನುವಿನಲ್ಲಿ ಎಲ್ಲ ಮಂಕು, ‘ಹೆಲ್ಪ್’ ಒಂದನ್ನು ಬಿಟ್ಟು. ಆಜ್ಞೆ ಟೈಪ್ ಮಾಡಿ ಡಿಸ್ಕ್ ನಿಭಾಯಿಸುವ ಡಿಸ್ಕ್‌ಪಾರ್ಟ್‌ನಲ್ಲಿ, ಇಡೀ ಡಿಸ್ಕ್ ಅಳಿಸುವ ‘ಕ್ಲೀನ್’ ಕೊಟ್ಟೆ. ಈಗ ಬಳಕೆಯಲ್ಲಿರುವ ಸಿಸ್ಟಂ ವಾಲ್ಯೂಮ್ ಇರುವ ಡಿಸ್ಕಿನ ಮೇಲೆ ಕ್ಲೀನ್ ನಡೆಯಲ್ಲ ಅಂತ ಅದು ಖಡಾಖಂಡಿತ ಹೇಳಿತು.

ಕಾಯಿಲೆ ಏನು ಅಂತ ಕಂಪ್ಯೂಟರ್ ತಾನೇ ಹೇಳಿದ ಸಾಲು ಅದು. ನಾನು ಮಾಡಿದ್ದೇನು? ಡಿಸ್ಕ್ ಬಿಚ್ಚಿ, ಯುಎಸ್‌ಬಿ ಕೇಸಿಗೆ ಹಾಕಿ, ಲ್ಯಾಪ್‌ಟಾಪಿಗೆ ಸಿಕ್ಕಿಸಿ ಅಲ್ಲಿ ಕ್ಲೀನ್ ಕೊಟ್ಟೆ. ಲ್ಯಾಪ್‌ಟಾಪಿಗೆ ಅದು ಯಾರದೋ ಡಿಸ್ಕು, ಚಕಾರ ಎತ್ತದೆ ಅಳಿಸಿತು. ಈ ಕಡೆ ಬಂದು ಪವರ್ ಒತ್ತಿದರೆ ಕಪ್ಪು ಪರದೆ.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಯುಇಎಫ್‌ಐ (ಹಳೇ ಬಯಾಸ್ ಜಾಗಕ್ಕೆ ಬಂದ ಹೊಸ ವ್ಯವಸ್ಥೆ) ಇರುವ ಕಂಪ್ಯೂಟರ್ ಆನ್ ಆದಾಗ ನೇರವಾಗಿ ಸಿ ಡ್ರೈವಿಗೆ ಹೋಗಲ್ಲ. ಫ್ಯಾಟ್32 ಫಾರ್ಮ್ಯಾಟಿನ ಒಂದು ಚಿಕ್ಕ ಇಎಫ್‌ಐ ಪಾರ್ಟಿಷನ್ ಹುಡುಕಿ, ಅದರೊಳಗಿನ ಬೂಟ್ ಮ್ಯಾನೇಜರ್ ಎತ್ತಿಕೊಳ್ಳುತ್ತೆ. ವಿಂಡೋಸ್ ಎಲ್ಲಿದೆ ಅನ್ನುವುದು ಆ ಬೂಟ್ ಮ್ಯಾನೇಜರಿಗೆ ಗೊತ್ತು. ಇನ್‌ಸ್ಟಾಲ್ ಮಾಡುವಾಗ ಬೇರೆ ಡಿಸ್ಕಿನಲ್ಲಿ ಇಂಥ ಪಾರ್ಟಿಷನ್ ಮೊದಲೇ ಇದ್ದರೆ ವಿಂಡೋಸ್ ಸೆಟಪ್ ಸಾಮಾನ್ಯವಾಗಿ ಅದನ್ನೇ ಬಳಸಿಕೊಂಡುಬಿಡುತ್ತೆ, ಹೊಸದರಲ್ಲಿ ಮಾಡಲ್ಲ, ಮಾಡಲಿಲ್ಲ ಅಂತ ಹೇಳುವುದೂ ಇಲ್ಲ. ಬರೀ ಸಿ ಡ್ರೈವ್ ಮಾತ್ರ ಹೊಸದಕ್ಕೆ ಕ್ಲೋನ್ (ಇದ್ದಂತೆ ನಕಲು) ಮಾಡಿದವರದ್ದೂ ಇದೇ ಪಾಡು. ಮನೆ ಹೊಸ ಡಿಸ್ಕಿನಲ್ಲಿ, ಬಾಗಿಲು ಹಳೇದರಲ್ಲಿ.

ಇದು ಗೊತ್ತಿಲ್ಲದೆ ಎಸ್‌ಎಸ್‌ಡಿ ಕೆಟ್ಟಿದೆ ಅಂತ ತೀರ್ಮಾನಿಸಿ ಬದಲಿ ತರಿಸಿಕೊಂಡೆ. ಬದಲಿ ಬಂದದ್ದು ಮೊದಲ ಸಲಕ್ಕೇ ಬೂಟ್ ಆಯಿತು! ಆಗಲೇಬೇಕು, ಈ ಸಲ ಅದೊಂದೇ ಡಿಸ್ಕ್ ಇತ್ತಲ್ಲ, ಸೆಟಪ್ ಅದರಲ್ಲೇ ಇಎಫ್‌ಐ ಪಾರ್ಟಿಷನ್ ಮಾಡಿತು. ನನಗೆ ಮಾತ್ರ ‘ನೋಡಿ, ಮೊದಲಿನದು ಡಿಫೆಕ್ಟಿವ್’ ಅನ್ನಲು ಸಾಕ್ಷಿ ಸಿಕ್ಕಿತು. ಫೋಟೋಗಳನ್ನು ಹಳೇ ಡಿಸ್ಕಿನಿಂದ ಟೆಸ್ಟ್‌ಡಿಸ್ಕ್ ಅನ್ನುವ ರಿಕವರಿ ಸಾಫ್ಟ್‌ವೇರ್ ಹಾಕಿ ವಾಪಸ್ ತೆಗೆದೆ, ಯಾಕೆಂದರೆ ಬರೀ ಕ್ಲೀನ್ ಪಾರ್ಟಿಷನ್ ವಿವರ ಅಳಿಸುತ್ತೆ, ಫೈಲುಗಳ ಮೇಲೆ ಏನೂ ಬರೆಯಲ್ಲ. ಎಸ್‌ಎಸ್‌ಡಿ ಹಾಕಿದ ಮೇಲೆ ಮಾಡಿದ ಕೆಲಸವೆಲ್ಲ ವಾಪಸ್ ಕಳಿಸಿದ ಆ ಎಸ್‌ಎಸ್‌ಡಿಯಲ್ಲೇ ಇತ್ತು, ಅದರ ಜೊತೆಗೇ ಹೋಯಿತು. ನಿಜ ಏನು ಅಂತ ತಿಳಿದದ್ದು ಬಹಳ ದಿನಗಳ ನಂತರ, ಸ್ನೇಹಿತನೊಬ್ಬನ ಕಂಪ್ಯೂಟರ್ ಇದೇ ಆಟ ಆಡಿದಾಗ.

ನಿಮಗಿರುವ ಅನುಕೂಲ, ನಿಮ್ಮದು ಇನ್ನೂ ಓಡುತ್ತಿದೆ. ಹಳೇದನ್ನು ಜೋಡಿಸಿ ವಿಂಡೋಸ್ ತೆರೆದು ಡಿಸ್ಕ್ ಮ್ಯಾನೇಜ್‌ಮೆಂಟ್ ನೋಡಿ. ಸಿ ಡ್ರೈವ್ ಇರುವ ಸಾಲಿನಲ್ಲಿ ‘ಇಎಫ್‌ಐ ಸಿಸ್ಟಂ ಪಾರ್ಟಿಷನ್’ ಅಂತ ಬರೆದಿರುವ ಡಬ್ಬಿ ಇಲ್ಲ, ಇನ್ನೊಂದು ಸಾಲಿನಲ್ಲಿದೆ ಅಂದರೆ ಮುಗಿಯಿತು, ರೋಗ ಸಿಕ್ಕಿತು. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಇದ್ದರೆ ಮೊದಲು ಅದನ್ನು ಸಸ್ಪೆಂಡ್ ಮಾಡಿ, 48 ಅಂಕಿಯ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಡಿ. ಅದೇ ಕಂಪ್ಯೂಟರಿನಲ್ಲಿ ಸೇವ್ ಮಾಡಿ ಕೂರಬೇಡಿ. ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೇ ಸಿ ಡ್ರೈವನ್ನು ಶ್ರಿಂಕ್ ಮಾಡಿ, ಅಂದರೆ ಅದರಿಂದ 300 ಎಂಬಿ ಮಾತ್ರ ಕಡಿಮೆ ಮಾಡಿ ಆ ಜಾಗ ಖಾಲಿ ಬಿಡಿ. ಅಡ್ಮಿನಿಸ್ಟ್ರೇಟರ್ ಆಗಿ ಡಿಸ್ಕ್‌ಪಾರ್ಟ್ ತೆರೆದು ‘ಲಿಸ್ಟ್ ಡಿಸ್ಕ್’ ಕೊಡಿ. ಹೊಸ ಡಿಸ್ಕಿನ ಎದುರು ಜಿಪಿಟಿ (ಡಿಸ್ಕಿನ ಪಾರ್ಟಿಷನ್ ಪಟ್ಟಿಯ ಹೊಸ ವಿಧಾನ) ಕಾಲಮ್ಮಿನಲ್ಲಿ ನಕ್ಷತ್ರ ಇರಬೇಕು. ಇಲ್ಲದಿದ್ದರೆ ಅಲ್ಲೇ ನಿಲ್ಲಿಸಿ, ಇಲ್ಲಿ ಬರೆಯಿರಿ, ಅದರ ದಾರಿ ಬೇರೆ. ಇದ್ದರೆ ಆ ಡಿಸ್ಕನ್ನೇ ಸೆಲೆಕ್ಟ್ ಮಾಡಿ (ನಂಬರ್ ಎರಡು ಸಲ ನೋಡಿ), 260 ಎಂಬಿಯ ಇಎಫ್‌ಐ ಪಾರ್ಟಿಷನ್ ಕ್ರಿಯೇಟ್ ಮಾಡಿ, ಫ್ಯಾಟ್32ಗೆ ಕ್ವಿಕ್ ಫಾರ್ಮ್ಯಾಟ್ ಮಾಡಿ, ಎಸ್ ಅಂತ ಅಕ್ಷರ ಕೊಟ್ಟು ಹೊರಗೆ ಬನ್ನಿ. ಕೊನೆಗೆ ‘ಬಿಸಿಡಿಬೂಟ್’ ಆಜ್ಞೆ: ಅದರ ಮುಂದೆ ಸಿ ಡ್ರೈವಿನ ವಿಂಡೋಸ್ ಫೋಲ್ಡರ್, ಸ್ಲ್ಯಾಷ್ ಎಸ್ ಹಾಕಿ ಹೊಸ ಪಾರ್ಟಿಷನ್ನಿನ ಅಕ್ಷರ, ಸ್ಲ್ಯಾಷ್ ಎಫ್ ಹಾಕಿ ಯುಇಎಫ್‌ಐ. ಬೂಟ್ ಫೈಲುಗಳು ತಯಾರಾದವು ಅಂತ ಒಂದು ಸಾಲು ಬರುತ್ತೆ.

‘ಬೂಟ್‌ರೆಕ್ ಫಿಕ್ಸ್ಎಂಬಿಆರ್’ ಹೊಡೆಯಿರಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ಡಿಸ್ಕಿನ ಆರಂಭದಲ್ಲಿರುವ ಬೂಟ್ ಕೋಡ್ ಸರಿಮಾಡುವ, ಹಳೇ ಬಯಾಸ್ ಕಾಲದ ಮದ್ದು, ಯುಇಎಫ್‌ಐ ಆ ಕೋಡನ್ನು ಓದುವುದೇ ಇಲ್ಲ. ಸ್ನೇಹಿತನ ಕಂಪ್ಯೂಟರಿನಲ್ಲಿ ಅದಕ್ಕೇ ಅರ್ಧ ರಾತ್ರಿ ಹೋಯಿತು.

ಹಳೇದನ್ನು ಶಾಶ್ವತವಾಗಿ ಸಿಕ್ಕಿಸಿಡುವುದಂತೂ ನನಗೆ ಒಪ್ಪಿಗೆಯಿಲ್ಲ. ಅದು ಸತ್ತ ದಿನ ನಿಮ್ಮ ಹೊಸ ಡಿಸ್ಕೂ ಬೂಟ್ ಆಗಲ್ಲ. ಎಲ್ಲ ಮುಗಿದ ಮೇಲೆ ಶಟ್‌ಡೌನ್ ಮಾಡಿ, ಹಳೇದರ ಕೇಬಲ್ ತೆಗೆದು, ಬೂಟ್ ಪಟ್ಟಿಯಲ್ಲಿ ಹೊಸ ಎಸ್‌ಎಸ್‌ಡಿಯ ವಿಂಡೋಸ್ ಬೂಟ್ ಮ್ಯಾನೇಜರ್ ಆರಿಸಿ. ಬೂಟ್ ಆಯಿತು ಅಂತ ಅವತ್ತೇ ಹಳೇದನ್ನು ಅಳಿಸಬೇಡಿ, ಒಂದೆರಡು ವಾರ ಡ್ರಾಯರಿನಲ್ಲಿ ಬಿದ್ದಿರಲಿ.