ಮೊದಲು ಚಾಚಿದ್ದು ಕೈ: ಲೇಖಕರೊಬ್ಬರಿಗೆ ಉತ್ತರ

ನಮಸ್ಕಾರ,

ನೀವು ಕಳಿಸಿದ ‘ನಮ್ಮೊಳಗಿನ ಮೃಗ’ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸಲು ಮನಸ್ಸು ಬರಲಿಲ್ಲ. ಅದಕ್ಕೆ ಕಾರಣ ನಿಮ್ಮ ಮೂರನೇ ಪುಟ.

ನಿಮ್ಮ ವಾದ ಇಷ್ಟು: ಹುಟ್ಟುಗುಣ ಎಂದರೆ ಸ್ವಾರ್ಥ, ಭಯ, ಹೊಡೆದಾಟ. ಬುದ್ಧಿ ಬಂದು ಅದಕ್ಕೆ ಮೂಗುದಾರ ಹಾಕುತ್ತದೆ, ಹಾಗಾಗಿ ಸಮಾಜ ನಡೆಯುತ್ತದೆ. ಮೊದಲ ಎರಡು ಪುಟ ಪೂರ್ತಿ ಇದನ್ನೇ ದೊಡ್ಡ ದೊಡ್ಡ ಮಾತುಗಳಲ್ಲಿ ಹೇಳಿದ್ದೀರಿ. ಅಲ್ಲಿ ಒಬ್ಬ ಮನುಷ್ಯನೂ ಕಾಣಿಸುವುದಿಲ್ಲ. ಅಷ್ಟನ್ನೂ ತೆಗೆದುಬಿಡಿ.

ಮೂರನೇ ಪುಟದಲ್ಲಿ ಬೈಕಿನಿಂದ ಬಿದ್ದ ಹುಡುಗ ಬರುತ್ತಾನೆ. ಜನ ಸೇರುತ್ತಾರೆ. ನಿಮ್ಮ ಪಕ್ಕದಲ್ಲಿದ್ದವರು ತಟ್ಟನೆ ಬಗ್ಗಿ ಕೈ ಚಾಚುತ್ತಾರೆ. ಮರುಗಳಿಗೆಯೇ ಹಿಂದೆ ಸರಿದು, ‘ಬೇಡಪ್ಪಾ, ಪೊಲೀಸ್ ಕೇಸ್ ಆಗುತ್ತೆ’ ಅನ್ನುತ್ತಾರೆ. ಎಷ್ಟು ಚೆನ್ನಾಗಿ ನೋಡಿದ್ದೀರಿ! ಆದರೆ ಅದರ ಕೆಳಗೇ ‘ಇದು ನಮ್ಮೊಳಗಿನ ಮೃಗದ ಸ್ವಾರ್ಥ’ ಎಂದು ಬರೆದಿದ್ದೀರಿ. ಇನ್ನೊಮ್ಮೆ ಓದಿ ನೋಡಿ. ಮೊದಲು ಚಾಚಿದ್ದು ಕೈ. ಅದಕ್ಕೆ ಯೋಚನೆ ಬೇಕಾಗಲಿಲ್ಲ. ಅದನ್ನು ಹಿಂದಕ್ಕೆ ಎಳೆದದ್ದು ಲೆಕ್ಕಾಚಾರ: ಠಾಣೆ, ಕೋರ್ಟು, ಆಸ್ಪತ್ರೆ ಬಿಲ್ಲು. ನಿಮ್ಮ ವಾದಕ್ಕೆ ಇದು ಪೂರ್ತಿ ಉಲ್ಟಾ ಅಲ್ವಾ?

ಹಾಗಂತ ಹುಟ್ಟುಗುಣ ಒಳ್ಳೆಯದು, ಬುದ್ಧಿ ಕೆಟ್ಟದ್ದು ಎಂದು ತಿರುಗಿಸಿ ಬರೆಯಬೇಡಿ. ಗಾಬರಿಯಾದಾಗ ಅಕ್ಕಪಕ್ಕದವರ ಮುಖ ನೋಡುವುದೂ ಯೋಚಿಸಿ ಮಾಡುವ ಕೆಲಸವಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಬಿಬ್ ಲಟಾನೆ ಮತ್ತು ಜಾನ್ ಡಾರ್ಲಿ 1968ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕೋಣೆಯಲ್ಲಿ ಕೂತು ಫಾರಂ ತುಂಬುತ್ತಿದ್ದಾಗ ಗೋಡೆಯ ಕಿಂಡಿಯಿಂದ ಹೊಗೆ ಬರುತ್ತದೆ. ಒಬ್ಬರೇ ಇದ್ದಾಗ ನೂರಕ್ಕೆ 75 ಮಂದಿ ಎದ್ದು ಹೋಗಿ ತಿಳಿಸಿದರು. ಏನೂ ಆಗಿಲ್ಲ ಎಂಬಂತೆ ಕೂರಬೇಕೆಂದು ಮೊದಲೇ ಹೇಳಿಟ್ಟ ಇಬ್ಬರು ಜೊತೆಗಿದ್ದಾಗ ತಿಳಿಸಿದವರು ನೂರಕ್ಕೆ 10 ಮಾತ್ರ. ಸುಮ್ಮನೆ ಕೂತವರನ್ನು ಆಮೇಲೆ ಕೇಳಿದರೆ, ಅದು ಆವಿ ಇರಬಹುದು, ಎ.ಸಿ.ಯದ್ದಿರಬಹುದು ಎಂದರಂತೆ. ಅವರೂ ಯೋಚಿಸಿದ್ದರು. ಆದರೆ ಪಕ್ಕದವರ ಮುಖ ಹೇಳಿದ್ದಕ್ಕೆ ಬುದ್ಧಿ ಕಾರಣ ಹುಡುಕಿ ಕೊಟ್ಟಿತ್ತು. ಹುಟ್ಟುಗುಣ, ಬುದ್ಧಿ ಎರಡೂ ಹೀಗೆ ಹೆಣೆದುಕೊಂಡು ಕೆಲಸ ಮಾಡುತ್ತವೆ. ನಿಮ್ಮ ಲೇಖನ ಹಿಡಿಯಬೇಕಾದ್ದು ಈ ಹೆಣಿಗೆಯನ್ನು.

ಒಂದು ತಪ್ಪನ್ನು ಮಾತ್ರ ಖಂಡಿತ ತಿದ್ದಬೇಕು. 1964ರಲ್ಲಿ ನ್ಯೂಯಾರ್ಕಿನಲ್ಲಿ ಕಿಟ್ಟಿ ಜೆನೋವೀಸ್ ಎಂಬ ಯುವತಿಯ ಕೊಲೆಯಾದಾಗ 38 ಜನ ನೋಡುತ್ತಾ ನಿಂತಿದ್ದರು ಎಂದು ಬರೆದಿದ್ದೀರಿ. ಆ ಸಂಖ್ಯೆಯನ್ನು ಹಬ್ಬಿಸಿದ್ದು ನ್ಯೂಯಾರ್ಕ್ ಟೈಮ್ಸ್ ವರದಿ. ಅದು ವಿಪರೀತ ಉತ್ಪ್ರೇಕ್ಷೆಯಾಗಿತ್ತೆಂದು ಅದೇ ಪತ್ರಿಕೆ 2016ರಲ್ಲಿ ಒಪ್ಪಿಕೊಂಡಿತು. ಸೋಫಿಯಾ ಫರಾರ್ ಎಂಬ ನೆರೆಮನೆಯಾಕೆ ಓಡಿಬಂದು, ಸಾಯುತ್ತಿದ್ದ ಕಿಟ್ಟಿಯನ್ನು ತಬ್ಬಿ ಹಿಡಿದಿದ್ದರು. ಸೋಫಿಯಾರನ್ನು ಬಿಟ್ಟು ಈ ಕಥೆ ಹೇಳುವುದು ಅನ್ಯಾಯ. ಇತ್ತೀಚೆಗೆ ಆಮ್‌ಸ್ಟರ್‌ಡ್ಯಾಮ್, ಕೇಪ್‌ಟೌನ್, ಇಂಗ್ಲೆಂಡಿನ ಲ್ಯಾಂಕಾಸ್ಟರ್ ನಗರಗಳ ಸಿಸಿಟಿವಿಯಲ್ಲಿ ಸೆರೆಯಾದ 219 ಬೀದಿ ಜಗಳಗಳನ್ನು ಸಂಶೋಧಕರು ಪರಿಶೀಲಿಸಿದ್ದಾರೆ. ನೂರಕ್ಕೆ 91 ಜಗಳಗಳಲ್ಲಿ ಸುತ್ತಲಿದ್ದವರಲ್ಲಿ ಒಬ್ಬರಾದರೂ ಮಧ್ಯೆ ಹೋಗಿದ್ದರು. ‘ಮನುಷ್ಯ ಮೂಲತಃ ಕಲ್ಲು’ ಎಂಬ ನಿಮ್ಮ ವಾಕ್ಯ ಇದರ ಮುಂದೆ ನಿಲ್ಲುವುದಿಲ್ಲ.

ಇನ್ನು ನೀವು ಮುಟ್ಟದೇ ಬಿಟ್ಟ ವಿಷಯ, ನನಗೆ ತುಂಬಾ ಮುಖ್ಯ ಅನ್ನಿಸುವಂಥದ್ದು. ‘ಪೊಲೀಸ್ ಕೇಸ್’ ಭಯ ಜನರಿಗೆ ಸುಮ್ಮನೆ ಬಂದದ್ದಲ್ಲ. ಸಹಾಯ ಮಾಡಿದವರೇ ಅಲೆದಾಡುವುದನ್ನು ಕಂಡು, ಕೇಳಿ ಬಂದದ್ದು. ಅದನ್ನು ತೆಗೆಯಲು ಮತ್ತೆ ಯೋಚನೆಯೇ ಬೇಕಾಯಿತು. ಗಾಯಾಳುವಿಗೆ ನೆರವಾದವರ ರಕ್ಷಣೆಗೆ ಕೇಂದ್ರ ಸರ್ಕಾರ ಮಾಡಿದ ನಿಯಮಗಳನ್ನು ಎಲ್ಲರೂ ಪಾಲಿಸಲೇಬೇಕೆಂದು ಸುಪ್ರೀಂ ಕೋರ್ಟ್ 2016ರ ಮಾರ್ಚ್‌ನಲ್ಲಿ ಹೇಳಿತು. ಕರ್ನಾಟಕ ಇದಕ್ಕೆಂದೇ ಕಾಯ್ದೆ ಮಾಡಿತು, 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೂ 134ಎ ಸೆಕ್ಷನ್ ಸೇರಿತು. ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಕೇಸು ಹಾಕುವಂತಿಲ್ಲ. ಹೆಸರು ಹೇಳಿ ಎಂದು ಬಲವಂತ ಮಾಡುವಂತಿಲ್ಲ. ಚಾಚಿದ ಕೈ ಹಿಂದೆ ಸರಿಯದಿರಲಿ ಎಂದೇ ಕೂತು ಯೋಚಿಸಿ ಬರೆದ ಸಾಲುಗಳಿವು. ನಿಮ್ಮ ಲೇಖನದಲ್ಲಿ ಇವಕ್ಕೆ ಜಾಗ ಇರಲೇಬೇಕು.

ಸಾಧ್ಯವಾದರೆ ಆ ಪಕ್ಕದವರನ್ನು ಹುಡುಕಿ ಮಾತಾಡಿಸಿ. ಈ ಕಾನೂನು ಅವರಿಗೆ ಗೊತ್ತಿತ್ತಾ ಕೇಳಿ. ಕೈ ಹಿಂದೆ ತೆಗೆದಾಗ ಯಾರ ಮುಖ ನೋಡಿದರು ಅಂತಲೂ ಕೇಳಿ. ಅವರಿಗೆ ಬೇಜಾರಾಗದ ಹಾಗೆ ಬರೆಯಿರಿ, ಹೆಸರು ಹಾಕಬೇಡಿ.

ಆಗ ನೀವೇನು ಮಾಡುತ್ತಿದ್ದಿರಿ ಎಂಬುದು ಲೇಖನದಲ್ಲಿ ಎಲ್ಲೂ ಇಲ್ಲ. ಓದುಗರು ಮೊದಲು ಕೇಳುವುದೇ ಅದನ್ನು. ಸಾವಿರ ಪದದೊಳಗೆ ತಿದ್ದಿ ಕಳಿಸಿ, ಖಂಡಿತ ಮತ್ತೆ ಓದುತ್ತೇನೆ. ಆ ಹುಡುಗನನ್ನು ಕೊನೆಗೆ ಯಾರು ಎತ್ತಿದರು ಎಂಬುದನ್ನೂ ಮರೆಯದೆ ಬರೆಯಿರಿ.

ವಿಶ್ವಾಸದಿಂದ,
ಸಂಪಾದಕ