ಮನೆ ಮುಂದಿನ ಜಾಗಕ್ಕೆ ಗಿಡ ಆರಿಸುವುದು ಹೇಗೆ, ಯಾವ ರೀತಿ ನೆಡಬೇಕು?

20 ಅಡಿ ಉದ್ದ, 12 ಅಡಿ ಅಗಲದ ಜಾಗದಲ್ಲಿ ಇಷ್ಟವಾದ ಗಿಡಗಳನ್ನೆಲ್ಲ ತಂದು ನೆಟ್ಟಿರಿ. ಎರಡು ವರ್ಷಕ್ಕೆ ಅದು ಪೊದೆಯಾಗಿ ಕಿಟಕಿ ಮುಚ್ಚಿದೆ, ಹೂವೂ ಸರಿಯಾಗಿ ಬಿಡುತ್ತಿಲ್ಲ. ಎಲ್ಲ ತೆಗೆದು ಹೊಸದಾಗಿ ಮಾಡುವುದಾದರೆ ಯಾವ ಗಿಡ, ಯಾವ ಶೈಲಿ ಎಂದು ಕೇಳಿದ್ದೀರಿ.

ನೀವು ಹೇಳಿದ್ದನ್ನು ನೋಡಿದರೆ ಕೆಟ್ಟಿರುವುದು ಅಂತರದ ಲೆಕ್ಕ. ನರ್ಸರಿ ಕವರಿನಲ್ಲಿ ಒಂದು ಗೇಣು ಇದ್ದ ದಾಸವಾಳ ಕೆಲವೇ ವರ್ಷದಲ್ಲಿ 6 ಅಡಿ ಎತ್ತರ, 5 ಅಡಿ ಅಗಲ ಆಗುತ್ತದೆ. ಒಂದೂವರೆ ಅಡಿಗೊಂದು ನೆಟ್ಟರೆ ಒಂದರ ನೆರಳು ಇನ್ನೊಂದರ ಮೇಲೆ ಬಿದ್ದು ಹೂವು ನಿಲ್ಲುತ್ತದೆ, ಗಾಳಿ ಆಡದೆ ಬಿಳಿ ಹಿಟ್ಟುತಿಗಣೆ ಸೇರಿಕೊಳ್ಳುತ್ತದೆ. ಅದಕ್ಕೇ ಗಿಡ ಕೊಳ್ಳುವಾಗ ಪೂರ್ತಿ ಬೆಳೆದ ಮೇಲಿನ ಅಗಲವನ್ನು ಮೊದಲು ಕೇಳಿ, ಬಣ್ಣ ಆಮೇಲೆ.

ಹೊಸ ಗಿಡ ತರುವ ಮೊದಲು ಎರಡು ಪರೀಕ್ಷೆ ಮಾಡಿಬಿಡಿ. ಒಂದು ಬಿಸಿಲಿನದು: ಬೆಳಗ್ಗೆಯಿಂದ ಸಂಜೆವರೆಗೆ ಗಂಟೆಗೊಮ್ಮೆ ಹೋಗಿ ಎಲ್ಲಿ ನೇರ ಬಿಸಿಲಿದೆ ಎಂದು ಹಾಳೆಯ ಮೇಲೆ ಗುರುತು ಹಾಕಿ. 6 ಗಂಟೆಗಿಂತ ಹೆಚ್ಚಿದ್ದರೆ ಪೂರ್ಣ ಬಿಸಿಲು, 3ರಿಂದ 6 ಅರೆನೆರಳು, ಅದಕ್ಕಿಂತ ಕಡಿಮೆಯಾದರೆ ನೆರಳು. ಋತು ಬದಲಾದಂತೆ ಗೋಡೆಯ ನೆರಳೂ ಜಾಗ ಬದಲಿಸುವುದರಿಂದ ಆರು ತಿಂಗಳು ಬಿಟ್ಟು ಇನ್ನೊಮ್ಮೆ ನೋಡಿದರೆ ಒಳ್ಳೆಯದು. ಎರಡನೆಯದು ನೀರಿನದು: ಒಂದು ಅಡಿ ಆಳ, ಒಂದು ಅಡಿ ಅಗಲದ ಗುಂಡಿ ತೋಡಿ, ನೀರು ತುಂಬಿಸಿ ಇಂಗಲು ಬಿಡಿ. ಮತ್ತೆ ತುಂಬಿಸಿ, ಈ ಸಲ ಗಂಟೆಗೆ ಎಷ್ಟು ಇಳಿಯಿತು ಎಂದು ಕೋಲಿನಿಂದ ಅಳೆಯಿರಿ. 1ರಿಂದ 3 ಇಂಚು ಇಳಿದರೆ ಹೆಚ್ಚಿನ ಗಿಡಗಳಿಗೆ ತೊಂದರೆಯಿಲ್ಲ. ಒಂದು ಇಂಚಿಗಿಂತ ಕಡಿಮೆಯಾದರೆ ಪಾತಿಯನ್ನೇ 8–10 ಇಂಚು ಏರಿಸಿ ಮಾಡಬೇಕು, ಇಲ್ಲದಿದ್ದರೆ ಬೇರು ಕೊಳೆಯುತ್ತದೆ.

ಅಂತರದ ಲೆಕ್ಕ ಸುಲಭ. ಎರಡು ಗಿಡಗಳ ಪೂರ್ಣ ಅಗಲವನ್ನು ಕೂಡಿಸಿ ಅರ್ಧ ಮಾಡಿದರೆ ಅವೆರಡರ ನಡುವಿನ ದೂರ ಸಿಗುತ್ತದೆ. ಗೋಡೆಯಿಂದ ಇಡಬೇಕಾದ ದೂರ ಗಿಡದ ಅಗಲದ ಅರ್ಧ, ಜೊತೆಗೆ ಓಡಾಡಿ ಕತ್ತರಿಸಲು ಒಂದು ಅಡಿ. ನಿಮ್ಮ 20 ಅಡಿಯಲ್ಲಿ ಹಿಂದಿನ ಸಾಲಿಗೆ ದಾಸವಾಳ ನಾಲ್ಕೇ ಸಾಕು, ಗೋಡೆಯಿಂದ ಮೂರೂವರೆ ಅಡಿ ಬಿಟ್ಟು. ಕಿಟಕಿಯ ಎದುರಿಗೆ ಬರುವ ಒಂದನ್ನು ಬಿಟ್ಟು, ಅಲ್ಲಿ ಕಿಟಕಿಯ ಕೆಳ ಅಂಚಿಗಿಂತ ಎತ್ತರಕ್ಕೆ ಹೋಗದ್ದನ್ನು ಹಾಕಿ. ಅದರ ಮುಂದೆ ಮೂರೂವರೆ ಅಡಿ ದೂರದಲ್ಲಿ ಎರಡಡಿ ಹರಡುವ ಗಿಡ್ಡ ಕೇಪಳ, ತುದಿಯಲ್ಲಿ ಅಡಿಗೊಂದರಂತೆ ರಿಯೊ (ಎಲೆಯ ಅಡಿಭಾಗ ನೇರಳೆ ಇರುವ ಗಿಡ್ಡ ಗಿಡ) ಅಥವಾ ಮಳೆ ಲಿಲ್ಲಿ. ಮಧ್ಯಾಹ್ನ ನೆರಳಾಗುವ ಮೂಲೆ ಇದ್ದರೆ ಅಲ್ಲಿಗೆ ನಂದಿಬಟ್ಟಲು ಹೊಂದುತ್ತದೆ.

ಕೇಪಳವನ್ನು ಗೋಡೆಗೆ ಅಂಟಿಸಿ ನೆಡಬೇಡಿ ಎನ್ನುವುದಕ್ಕೆ ಕಾರಣ ಮಣ್ಣಿನಲ್ಲಿದೆ. ಮನೆ ಕಟ್ಟುವಾಗ ಉದುರಿದ ಸಿಮೆಂಟು, ಸುಣ್ಣ, ಗಾರೆಯ ಚೂರು ಎಲ್ಲ ತಳಪಾಯದ ಪಕ್ಕದ ಮಣ್ಣಿನಲ್ಲೇ ಉಳಿದಿರುತ್ತದೆ. ಆ ಮಣ್ಣು ಕ್ಷಾರವಾದಾಗ ಕಬ್ಬಿಣದ ಅಂಶವಿದ್ದರೂ ಬೇರು ಅದನ್ನು ಹೀರಲಾರದು. ಕೇಪಳಕ್ಕೆ ಹುಳಿ ಮಣ್ಣೇ ಬೇಕು. ಹೊಸ ಚಿಗುರೆಲೆ ಹಳದಿಯಾಗಿ, ನರಗಳು ಮಾತ್ರ ಹಸಿರು ಬಲೆಯಂತೆ ಎದ್ದು ಕಂಡರೆ ರೋಗ ಇದೇ. ಅದಕ್ಕೆ ಗೊಬ್ಬರದ ಮೇಲೆ ಗೊಬ್ಬರ ಸುರಿದರೆ ಏನೂ ಆಗದು. ಗಿಡವನ್ನು ಗೋಡೆಯಿಂದ ದೂರ ಸರಿಸಿ, ಅಥವಾ ಆ ಜಾಗದ ಮಣ್ಣನ್ನೇ ಬದಲಿಸಿ.

ಶೈಲಿಯ ವಿಷಯ. ಕತ್ತರಿಸಿದ ಬೇಲಿ, ನೇರ ಸಾಲು, ಎಡಬಲ ಸಮ ಇರುವ ತೋಟ ನೋಡಲು ಚೆಂದ, ಆದರೆ ಚಿಗುರುವ ಕಾಲದಲ್ಲಿ ಮೂರು ನಾಲ್ಕು ವಾರಕ್ಕೊಮ್ಮೆ ಕತ್ತರಿ ಹಿಡಿಯಲೇಬೇಕು. ಒಂದು ಗಿಡ ಸತ್ತರೂ ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತದೆ. ಬೇಲಿ ಕತ್ತರಿಸುವಾಗ ಬುಡ ಅಗಲ, ತಲೆ ಕಿರಿದು ಇರಲಿ. ತಲೆ ಅಗಲವಾದರೆ ಕೆಳಗಿನ ಎಲೆಗಳಿಗೆ ಬಿಸಿಲು ತಾಕದೆ ಬುಡ ಬೋಳಾಗುತ್ತದೆ. ನಾನಾದರೆ ನಿಮ್ಮ ಜಾಗಕ್ಕೆ ಗುಂಪು ನೆಡುವಿಕೆಯನ್ನೇ ಹೇಳುತ್ತೇನೆ: ಐದಾರು ಬಗೆ ಮಾತ್ರ ಆರಿಸಿಕೊಂಡು, ಹಿಂದಿನ ದಾಸವಾಳದ ಸಾಲು, ತುದಿಯ ಅಂಚು ಬಿಟ್ಟು ಉಳಿದ ಒಂದೊಂದನ್ನೂ 3 ಅಥವಾ 5ರ ಗುಂಪಿನಲ್ಲಿ, ಸಾಲಾಗಿ ನಿಲ್ಲಿಸದೆ ತ್ರಿಕೋನವಾಗಿ ನೆಡುವುದು. ಮೂವತ್ತು ಬಗೆಯನ್ನು ಒಂದೊಂದೇ ನೆಟ್ಟರೆ ಯಾವುದೂ ಕಣ್ಣಿಗೆ ನಿಲ್ಲದು. ನೀರು ಹೆಚ್ಚು ಬೇಡುವ ಕಾಬಾಳೆಯನ್ನೂ ಒಣ ಮಣ್ಣಿನಲ್ಲೇ ಹೂ ಬಿಡುವ ಕಾಗದದ ಹೂವನ್ನೂ ಒಂದೇ ಪಾತಿಯಲ್ಲಿ ಸೇರಿಸಬೇಡಿ, ಎರಡರಲ್ಲಿ ಒಂದು ಸೊರಗುವುದು ಖಂಡಿತ. ಗುಂಡಿ ತೋಡುವ ಮೊದಲು ಗಿಡಗಳನ್ನು ಕವರು ಸಮೇತ ಅವುಗಳ ಜಾಗದಲ್ಲಿ ಇಟ್ಟು ಗೇಟಿನಿಂದಲೂ ಒಳಗಿನ ಕಿಟಕಿಯಿಂದಲೂ ನೋಡಿ.

ಕೆಲವನ್ನು ತರಲೇಬೇಡಿ. ನೆಲ ಮುಚ್ಚಲು ಕೊಡುವ ಹಳದಿ ಹೂವಿನ ವೆಡೇಲಿಯಾ, ಬೇಲಿಗೆ ಕೊಡುವ ಲಂಟಾನ ಎರಡೂ ಜಗತ್ತಿನ 100 ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿವೆ. ಕಣಗಿಲೆ ಬೇರಿನಿಂದ ಹೂವಿನವರೆಗೆ ವಿಷ, ಮಕ್ಕಳಿರುವ ಮನೆಗೆ ಬೇಡ. ಆಲ, ಅರಳಿಯಂಥ ಫೈಕಸ್ ಜಾತಿಯ ಮರಗಳ ಬೇರು ನೀರಿನ ಪೈಪು, ಕಾಂಪೌಂಡಿನ ತಳ ಎರಡಕ್ಕೂ ನುಗ್ಗುತ್ತದೆ.

ಇನ್ನು ನೆಡುವ ಕೆಲಸ. ಗೊಬ್ಬರವನ್ನು ಗುಂಡಿಗೆ ಮಾತ್ರ ತುಂಬಬೇಡಿ. ಜೇಡಿ ಮಣ್ಣಿನಲ್ಲಿ ಅಂಥ ಗುಂಡಿ ಬಟ್ಟಲಿನಂತೆ ನೀರು ಹಿಡಿದುಕೊಳ್ಳುತ್ತದೆ. ಇಡೀ ಪಾತಿಯ ಮೇಲೆ 2–3 ಇಂಚು ಕಾಂಪೋಸ್ಟ್ ಹರಡಿ, 8–10 ಇಂಚು ಆಳದವರೆಗೆ ಅಗೆದು ಬೆರೆಸಿ. ಗುಂಡಿಯ ಅಗಲ ಬೇರಿನ ಉಂಡೆಯ ಎರಡರಿಂದ ಮೂರು ಪಟ್ಟು, ಆಳ ಉಂಡೆಯಷ್ಟೇ. ಕವರು ಬಿಚ್ಚಿದಾಗ ಬೇರು ಸುರುಳಿ ಸುತ್ತಿದ್ದರೆ ಉಂಡೆಯ ಬದಿಯಲ್ಲಿ ಮೂರು ನಾಲ್ಕು ಕಡೆ ಚಾಕುವಿನಿಂದ ಮೇಲಿನಿಂದ ಕೆಳಗೆ ಗೀರಿ. ಹಾಗೇ ಬಿಟ್ಟರೆ ಬೇರು ವರ್ಷಗಟ್ಟಲೆ ಅದೇ ಸುತ್ತಿನಲ್ಲಿ ಬೆಳೆದು ಕೊನೆಗೆ ಕಾಂಡವನ್ನೇ ಬಿಗಿಯುತ್ತದೆ. ಬುಡ ನೆಲಮಟ್ಟಕ್ಕಿರಲಿ, ಜೇಡಿ ಮಣ್ಣಾದರೆ ಒಂದು ಇಂಚು ಮೇಲೆಯೇ ಇರಲಿ. 3 ಇಂಚು ದಪ್ಪ ಒಣಗಿದೆಲೆ ಹೊದಿಸಿ, ಕಾಂಡದ ಸುತ್ತ ನಾಲ್ಕು ಇಂಚು ಖಾಲಿ ಬಿಡಿ. ಕಾಂಡಕ್ಕೆ ತಾಗಿದರೆ ತೇವ ನಿಂತು ತೊಗಟೆ ಕೊಳೆಯುತ್ತದೆ.

ಮೊದಲ ವರ್ಷ ಪಾತಿ ಖಾಲಿ ಖಾಲಿ ಕಾಣುತ್ತದೆ. ಆಗ ಇನ್ನೆರಡು ದಾಸವಾಳ ತಂದು ತುರುಕುವ ಆಸೆ ಬಂದೇ ಬರುತ್ತದೆ, ತಡೆದುಕೊಳ್ಳಿ. ಆ ಸಂದಿಗಳಿಗೆ ಚೆಂಡು ಹೂವಿನ ಬೀಜ ಬಿತ್ತಿ. ದೊಡ್ಡ ಗಿಡಗಳು ಹರಡುವಷ್ಟರಲ್ಲಿ ಅವು ಹೂ ಬಿಟ್ಟು ಒಣಗಿ, ಜಾಗ ತೆರವಾಗಿರುತ್ತದೆ.